ಕೊನೆಯ ಪಂಕ್ತಿಯ ಕೌಂಟಿ ಸತ್ಯ

ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡದವರಲ್ಲಿ ಸತ್ಯನ ಬ್ಯಾಟಿಂಗ್ ನೋಡಿದವರು ಕಡಿಮೆ. ಅವನ ಕೈಯಿಂದ ಹುಳಿ ಬಡಿಸಿಕೊಳ್ಳದವರು ಅದಕ್ಕಿಂತ ಕಡಿಮೆ. ಸಂಘದ ಯುಗಾದಿಯಿರಲಿ, ಗಣೇಶನ ಹಬ್ಬವಿರಲಿ, ಪಂಚೆ ಮೇಲೆತ್ತಿ ಕಟ್ಟಿ, ಸ್ಟೀಲ್ ಬಕೆಟ್ ಹಿಡಿದು, ಆರಡಿ ದೇಹವನ್ನು ಪ್ರತಿ ಎಲೆಗೂ ಬಗ್ಗಿಸುವ ಆ ಆಳು ಯಾರು ಎಂದು ಹೊಸಬರು ಕೇಳಿದರೆ, "ಅವನಾ, ನಮ್ ರಾಮು ಮಗ, ಕೌಂಟಿ ಸತ್ಯ" ಎನ್ನುತ್ತಾರೆ. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೂ ಒಂದು ಸೌಟು ಇಳಿಸಿಬಿಡುವ ಚಾಳಿ ಅವನದು. ಬೈಸಿಕೊಳ್ಳುತ್ತಾನೆ, ನಗುತ್ತಾನೆ, ಮುಂದಿನ ಎಲೆಗೆ ಹೋಗುತ್ತಾನೆ.

ಕೌಂಟಿ ಎಂದರೆ ಇಂಗ್ಲೆಂಡಿನದು ಎಂದುಕೊಂಡು ಹುಬ್ಬೇರಿಸಬೇಡಿ. ಅಲ್ಲಿ ಕೌಂಟಿ ಆಡುವವನಿಗೆ ಸಂಬಳವುಂಟು, ಪತ್ರಿಕೆಯ ಮೂಲೆಯಲ್ಲಾದರೂ ಹೆಸರುಂಟು. ಅಷ್ಟಿದ್ದೂ ರಾಶಿ ರಾಶಿ ರನ್ ಹೊಡೆದು, ದೇಶದ ಏಕದಿನ ತಂಡದ ಹೊಸ್ತಿಲು ತುಳಿಯದೆ ತಲೆ ನರೆತವರು ಅಲ್ಲೂ ಇದ್ದಾರಂತೆ. ಸತ್ಯನದು ಮಿಷಿಗನ್ನಿನ ಓಕ್ಲೆಂಡ್ ಕೌಂಟಿ, ನಮ್ಮಲ್ಲಿನ ಜಿಲ್ಲೆಯಿದ್ದಂತೆ. ಸಾಕರ್ ಆಡುವ ಮಕ್ಕಳು ಹೋದ ಮೇಲೆ ಪಾರ್ಕಿನ ಸಿಮೆಂಟ್ ಪಟ್ಟಿಯ ಮೇಲೆ ಮ್ಯಾಟ್ ಹಾಸಿ, ನಾಲ್ಕು ಮೂಲೆಗೂ ಮೊಳೆ ಹೊಡೆದು, ಯಾರದೋ ನಾಯಿ ಚೆಂಡು ಕಚ್ಚಿಕೊಂಡು ಓಡಿದರೆ ಅದರ ಹಿಂದೆ ಓಡಿ ಆಡುವ ಕ್ರಿಕೆಟ್ಟು ಅದು. ಟಿವಿಯಲ್ಲಿ ಯಾರನ್ನೋ ಕೌಂಟಿ ಆಟಗಾರ ಎಂದದ್ದು ಕೇಳಿ, ಎಂಟು ವರ್ಷದ ಸತ್ಯ ಎದೆಯುಬ್ಬಿಸಿ, "ನಾನೂ ಕೌಂಟಿ ಪ್ಲೇಯರೇ, ಓಕ್ಲೆಂಡ್ ಕೌಂಟಿ" ಎಂದಿದ್ದ. ಅವತ್ತು ಹೊಟ್ಟೆ ಹಿಡಿದು ನಕ್ಕು ಆ ಹೆಸರಿಟ್ಟವರು ಚಿದಂಬರ ಅಂಕಲ್.

ಚಿದಂಬರ ಅಂಕಲ್ ಮತ್ತು ಸತ್ಯನ ಅಪ್ಪ ವೆಂಕಟರಾಮು ಮೈಸೂರಿನಲ್ಲಿ ಒಂದೇ ಕಾಲೇಜಿನ ತಂಡಕ್ಕೆ ಆಡಿದವರು. ಇಬ್ಬರೂ ರಾಚೆಸ್ಟರ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗದ ಕಂಪನಿಗಳಲ್ಲಿ ಕೆಲಸಕ್ಕಿದ್ದು, ಒಂದೇ ಬಡಾವಣೆಯಲ್ಲಿ ಮನೆ ತೆಗೆದುಕೊಂಡಿದ್ದರು. ಸತ್ಯ ಹುಟ್ಟಿದ್ದು ಅಲ್ಲೇ. ಏಪ್ರಿಲ್‌ವರೆಗೂ ಹಿಮ ಕರಗದ ಊರಲ್ಲಿ ಮಗುವಿಗೆ ಕ್ರಿಕೆಟ್ ಕಲಿಸಬೇಕಲ್ಲ, ಬೇಸ್‌ಮೆಂಟಿನ ಪೈಪಿಗೆ ಕಾಲುಚೀಲ ಕಟ್ಟಿ, ಅದರೊಳಗೆ ಚೆಂಡು ತುಂಬಿ ತೂಗಿಬಿಟ್ಟರು. ಮೇಲೆ ಅಡುಗೆಮನೆಯಲ್ಲಿ ಅಮ್ಮ ಅನುಸೂಯಮ್ಮ, "ಪೈಪ್ ಒಡೆದ್ರೆ ನೀವಿಬ್ರೇ ಕೂತು ನೀರು ಬಳೀರಿ" ಎಂದು ಕೂಗುವರು. ಕೆಳಗೆ ಅಪ್ಪ ಆ ಚೆಂಡನ್ನು ಜೀಕಿ ಬಿಡುವರು, ಚಿದಂಬರ ಅಂಕಲ್ ಹುಡುಗನ ಮೊಣಕೈ ಹಿಡಿದು ಲೇಟ್ ಕಟ್ ಕಲಿಸುವರು. "ಹೋಗ್ಲಿ ಬಿಡು, ಚೆಂಡು ಹೋಗ್ಲಿ. ಇನ್ನೇನು ಕೀಪರ್ ಕೈಗೆ ಸೇರ್ತು ಅನ್ನೋವಾಗ ಹೊಡಿ. ಕಾಯೋನಿಗೆ ಸಿಗೋ ಶಾಟ್ ಕಣೋ ಇದು." ಸತ್ಯ ಆ ಮಾತನ್ನು ಬ್ಯಾಟಿಗಷ್ಟೇ ಅಲ್ಲ, ಬದುಕಿಗೂ ಹಚ್ಚಿಕೊಂಡ. ಅದೇ ತಪ್ಪಾಯಿತೋ ಏನೋ.

ಹೈಸ್ಕೂಲಿನಲ್ಲಿ ಬೇಸ್‌ಬಾಲ್ ಕೋಚ್ ಇವನ ಕಣ್ಣು ಮತ್ತು ಕೈ ನೋಡಿ ಬೆನ್ನು ಹತ್ತಿದ್ದ. ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಕೂಡ ಸಿಕ್ಕೀತು ಎಂದಿದ್ದ. ಆದರೆ ಬೇಸ್‌ಬಾಲ್ ಪಂದ್ಯಗಳೂ ಕ್ರಿಕೆಟ್ ಪಂದ್ಯಗಳೂ ಶನಿವಾರವೇ. ಮನೆಯಲ್ಲಿ ಮಾತುಕತೆ ನಡೆಯಿತು. ಚಿದಂಬರ ಅಂಕಲ್ ಸೋಫಾದಲ್ಲಿ ಕಾಲು ಮಡಿಸಿ ಕುಳಿತು ತೀರ್ಪು ಕೊಟ್ಟರು. "ಬೇಸ್‌ಬಾಲ್ ಆಡೋಕೆ ಈ ದೇಶದಲ್ಲಿ ಬೇಕಾದಷ್ಟು ಜನ ಇದಾರೆ. ನೀನು ಕ್ರಿಕೆಟ್ ಆಡು. ನಿನ್ನ ಅಮೆರಿಕ ಟೀಮಲ್ಲಿ ಆಡ್ಸೋದು ನನ್ನ ಜವಾಬ್ದಾರಿ." ಅಪ್ಪ ತಲೆದೂಗಿದರು. ಸತ್ಯ ಸೋಮವಾರ ಹೋಗಿ ಕೋಚಿಗೆ ಗ್ಲವ್ ವಾಪಸು ಕೊಟ್ಟು ಬಂದ.

ಅದಾದ ಮೇಲೆ ಅಂಕಲ್‌ಗೆ ಷಿಕಾಗೋ ಹತ್ತಿರ ದೊಡ್ಡ ಕೆಲಸ ಸಿಕ್ಕಿತು, ಓಕ್ ಬ್ರೂಕ್‌ನಲ್ಲಿ ದೊಡ್ಡ ಮನೆ ಬಂತು. ಕ್ರಿಕೆಟ್ಟಿನಲ್ಲೂ ಮೇಲೇರಿ ನಮ್ಮ ಕಡೆಯ ನಾಲ್ಕೈದು ರಾಜ್ಯಗಳಿಂದ ರಾಷ್ಟ್ರೀಯ ಶಿಬಿರಕ್ಕೆ ಹೆಸರು ಕಳಿಸುವ ಸಮಿತಿಗೆ ಮುಖ್ಯಸ್ಥರಾದರು. ಆ ಶಿಬಿರಕ್ಕೆ ಹೋದವರಲ್ಲೇ ಅಮೆರಿಕದ ಏಕದಿನ ತಂಡವನ್ನು ಆರಿಸುವುದು. ಸತ್ಯ ಹಿಗ್ಗಿಹೋದ. ಇನ್ನೇನು, ನಮ್ಮ ಅಂಕಲ್ಲೇ ಅಲ್ಲಿ ಕುಳಿತಿದ್ದಾರೆ.

ಮೊದಲನೆಯ ಸಲ, "ಇನ್ನೂ ಚಿಕ್ಕವನು, ನೋಡೋಣ" ಎಂದರು. ಎರಡನೆಯ ಸಲ, "ಓಹಾಯೋದವರಿಗೆ ಒಂದು ಸೀಟು ಕೊಡ್ಲೇಬೇಕಿತ್ತು ಕಣೋ, ಗಲಾಟೆ ಮಾಡ್ತಿದ್ರು. ಮುಂದಿನ ಸಲ ನೋಡೋಣ" ಎಂದರು. ಮೂರನೆಯ ಸಲ ಕಾಯ್ದಿರಿಸಿದವರ ಸಾಲಿನಲ್ಲಿ ಹೆಸರು ಹಾಕಿ, "ಸ್ಟ್ಯಾಂಡ್‌ಬೈ ಅಂದ್ರೆ ಮುಕ್ಕಾಲು ಬಂದಂಗೇ" ಎಂದರು. ಪ್ರತಿ ಸಲವೂ ಸತ್ಯನ ಉತ್ತರ ಒಂದೇ: "ಪರವಾಗಿಲ್ಲ ಅಂಕಲ್, ಇಟ್ಸ್ ಓಕೆ." ಈ ನಡುವೆ ಲೀಗಿನಲ್ಲಿ ಇವನಷ್ಟು ರನ್ ಹೊಡೆದವನು ಇನ್ನೊಬ್ಬನಿಲ್ಲ. ವಾರವೆಲ್ಲ ಲ್ಯಾಬಿನಲ್ಲಿ ಕಾರಿನ ಬ್ರೇಕ್ ಪರೀಕ್ಷೆ ಮಾಡುವುದು, ಸಂಜೆ ಬಾಡಿಗೆ ಗೋಡೌನಿನ ನೆಟ್ಸಿನಲ್ಲಿ ಬ್ಯಾಟ್ ಬೀಸುವುದು, ಹಬ್ಬ ಬಂದರೆ ಬಕೆಟ್ ಹಿಡಿಯುವುದು.

ಮದುವೆಯಾದ ಮೇಲೆ ಮನೆಗೊಂದು ಬೇರೆ ದನಿ ಬಂತು. ಹೆಂಡತಿ ಶೈಲಾ ಹುಬ್ಬಳ್ಳಿಯವಳು. 'ನೋಡೋಣ' ಎಂಬ ಮಾತಿನ ಅರ್ಥ ಇಲ್ಲಿ ಹುಟ್ಟಿದ ಸತ್ಯನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಯೋಚಿಸುವವನು, ನೋಡೋಣ ಅಂದರೆ ನೋಡುತ್ತಾರೆ ಎಂದೇ ನಂಬಿದ್ದ. ಅವಳು ಒಂದು ದಿನ ಚಪಾತಿ ಲಟ್ಟಿಸುತ್ತಾ ಬಿಡಿಸಿ ಹೇಳಿದಳು. "ನಿಮ್ಮ ಮೈಸೂರ ಮಂದಿ ನೋಡೋಣ ಅಂದ್ರ, ಆಗೂದಿಲ್ಲ ಅಂತನ ಅರ್ಥ ರೀ. ಬಾಯಿಬಿಟ್ಟು ಇಲ್ಲ ಅನ್ನಾಕ ನಾಚಿಕಿ ಅವರಿಗೆ."

"ಅಂಕಲ್ ಹಂಗಲ್ಲ" ಎಂದ ಸತ್ಯ. "ನಾನು ಅವರ ಮನೆ ಹುಡುಗ ಇದ್ದಂಗೆ. ಮನೆಯವರು ಲಾಸ್ಟ್‌ಗೆ ಅಲ್ವಾ."

ಇದು ಅವನಿಗೆ ಅಮ್ಮ ಕಲಿಸಿದ ಪಾಠ. ಪಂಕ್ತಿಯ ಊಟದಲ್ಲಿ ಬಂದವರಿಗೆ ಮೊದಲು, ಮನೆಯವರು ಕೊನೆಯ ಪಂಕ್ತಿಗೆ. ಏಳು ವರ್ಷದವನಿದ್ದಾಗ ಕೈಗೆ ಉಪ್ಪಿನ ಬಟ್ಟಲು ಕೊಟ್ಟು ಸಾಲಿಗೆ ಬಿಟ್ಟಿದ್ದರು. ಬೇಕಾದವರಿಗೆ ಹೆಚ್ಚು, ಬೇಡದವರಿಗೆ ಕಡಿಮೆ ಬಡಿಸಿದರೆ, ಒಂದು ಎಲೆ ಬಿಟ್ಟು ಮುಂದೆ ಹೋದರೆ ಅದು ಪಂಕ್ತಿಭೇದ, ಅದರಂಥ ಪಾಪ ಇನ್ನೊಂದಿಲ್ಲ ಎಂದು ಕಿವಿ ಹಿಂಡಿ ಹೇಳಿದ್ದರು. ಉಪ್ಪಿನಿಂದ ಕೋಸಂಬರಿಗೆ, ಕೋಸಂಬರಿಯಿಂದ ಪಲ್ಯಕ್ಕೆ, ಪಲ್ಯದಿಂದ ಹುಳಿಗೆ, ಹುಳಿಯಿಂದ ಪಾಯಸಕ್ಕೆ ಸತ್ಯನಿಗೆ ಬಡ್ತಿ ಸಿಕ್ಕಿತು. ಸಂಘದಲ್ಲಾದರೂ ಸಿಕ್ಕಿತಲ್ಲ ಎನ್ನಿ.

ಶೈಲಾ ಚಪಾತಿ ಮಗುಚಿ ಹಾಕಿದಳು. "ಮನಿ ಮಂದಿ ಕಡೀಕ ಉಣ್ಣೂದು ಖರೆ. ಆದ್ರ ಕಡೀಕ ಪಾತೇಲ್ಯಾಗ ಏನರ ಉಳಿದಿರಬೇಕಲ್ಲ."

ಸತ್ಯ ತಟ್ಟೆ ಮುಂದೆ ಚಾಚಿ ಚಪಾತಿ ಹಾಕಿಸಿಕೊಂಡ.

ಅವನಿಗೆ ಮೂವತ್ಮೂರು ತುಂಬಿದ ಬೇಸಿಗೆಯಲ್ಲಿ ಮತ್ತೆ ಆಯ್ಕೆಯ ಪಂದ್ಯಗಳು ಬಂದವು. ಶನಿವಾರ ಒಂದು, ಭಾನುವಾರ ಒಂದು, ಷಿಕಾಗೋದ ಪಶ್ಚಿಮಕ್ಕೆ. ಇಬ್ಬರು ಬ್ಯಾಟ್ಸ್‌ಮನ್ನರಿಗೆ ಜಾಗವಿದೆ ಎಂದು ಸುದ್ದಿ. ಈ ಸಲ ಇಲ್ಲದಿದ್ದರೆ ಇನ್ನಿಲ್ಲ. ಮುಂದಿನ ಸುತ್ತು ಬರುವಷ್ಟರಲ್ಲಿ ಇವನ ವಯಸ್ಸಿನವರನ್ನು ಯಾರೂ ಮೂಸಿ ನೋಡುವುದಿಲ್ಲ. ಅದು ಸತ್ಯನಿಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು, ಚಿದಂಬರ ಅಂಕಲ್‌ಗೂ ಚೆನ್ನಾಗಿ ಗೊತ್ತಿತ್ತು. ಶುಕ್ರವಾರ ಅರ್ಧ ದಿನ ರಜೆ ಹಾಕಿ ಐ-ತೊಂಬತ್ನಾಲ್ಕು ಹೆದ್ದಾರಿಯಲ್ಲಿ ಡ್ರೈವ್ ಮಾಡಿಕೊಂಡು ಹೊರಟ. ಮೋಟೆಲ್ ಬುಕ್ ಮಾಡುತ್ತೇನೆಂದರೆ ಅಂಕಲ್ ಬಿಡಲಿಲ್ಲ. "ನಮ್ ಮನೆ ಇರೋವಾಗ ಮೋಟೆಲ್ಲಾ? ರಾಮೂಗೆ ನಾನೇನು ಮುಖ ತೋರಿಸ್ಲಿ?"

ಶನಿವಾರ ಬೆಳಿಗ್ಗೆ ಆಂಟಿ ಸೆಟ್ ದೋಸೆ ಹಾಕಿದರು. ಎರಡನೆಯ ದೋಸೆ ಮುರಿಯುತ್ತಿದ್ದಾಗ ಅಂಕಲ್ ಎದುರಿಗೆ ಕುಳಿತು ಕಾಫಿ ಲೋಟ ತಿರುಗಿಸಿದರು.

"ಸತ್ಯ, ಒಂದು ಚಿಕ್ಕ ಅಡ್ಜಸ್ಟ್‌ಮೆಂಟ್. ಇವತ್ತು ನೀನು ಓಪನ್ ಮಾಡೋದು ಬೇಡ. ಆರನೇ ನಂಬರಿಗೆ ಹೋಗು."

ಸತ್ಯ ಹುಟ್ಟಾ ಆರಂಭಿಕ ಆಟಗಾರ. ಹೊಸ ಚೆಂಡಿನ ಮುಂದೆ ನಿಂತು, ಕಾದು ಕಾದು, ಬೌಲರನನ್ನು ದಣಿಸಿ ಆಡುವವನು. ದೋಸೆಯ ಚೂರು ಕೈಯಲ್ಲೇ ಉಳಿಯಿತು. "ಯಾಕಂಕಲ್?"

"ಕರಣ್ ಅಂತ ಒಬ್ಬ ಹುಡುಗ ಇದಾನೆ. ಅವನನ್ನ ಬೇರೆ ಸೆಲೆಕ್ಟರ್ಸ್ ಯಾರೂ ನೋಡಿಲ್ಲ. ಅವನನ್ನ ಮೇಲೆ ಆಡಿಸ್ಲಿಲ್ಲ ಅಂದ್ರೆ, ಚಿದಂಬರ ತನ್ನ ಜನಕ್ಕೇ ಮಾಡ್ತಾನೆ ಅಂತಾರೆ. ಈಗಲೇ ಪಿಸುಪಿಸು ಶುರುವಾಗಿದೆ. ನಿನ್ನ ಆಟ ಎಲ್ಲರಿಗೂ ಗೊತ್ತು, ಹೊಸದಾಗಿ ತೋರಿಸೋದು ಏನಿದೆ? ನೀನು ನಮ್ ಹುಡುಗ. ನಿನ್ನ ಜಾಗ ಎಲ್ಲಿಗೆ ಹೋಗುತ್ತೆ?"

ಉಂಡ ಮನೆಗೆ ಎರಡು ಬಗೆಯಬಾರದು ಎಂದು ಗಾದೆ. ಉಣ್ಣಿಸಿದವರು ಬಗೆದರೆ ಏನನ್ನಬೇಕೋ ಗಾದೆ ಮಾಡಿದವರು ಹೇಳಿಲ್ಲ. ಆಂಟಿ ಮೂರನೆಯ ದೋಸೆ ತಂದು ತಟ್ಟೆಗೆ ಹಾಕಿದರು. "ಪರವಾಗಿಲ್ಲ ಅಂಕಲ್" ಎಂದ ಸತ್ಯ.

ಅವತ್ತು ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಬಿಸಿಲು. ಕರಣ್ ಚೆನ್ನಾಗಿಯೇ ಆಡಿದ. ಅದನ್ನು ಇಲ್ಲ ಅನ್ನಬಾರದು. ಅವನೂ ಅವನ ಜೊತೆಗಾರನೂ ಬಹಳ ಹೊತ್ತು ಔಟೇ ಆಗಲಿಲ್ಲ. ಸತ್ಯ ಪ್ಯಾಡು ಕಟ್ಟಿ, ಹೆಲ್ಮೆಟ್ ತೊಡೆಯ ಮೇಲಿಟ್ಟು, ಮಡಚುವ ಕುರ್ಚಿಯಲ್ಲಿ ಇಡೀ ಇನ್ನಿಂಗ್ಸ್ ಕುಳಿತ. ಒಬ್ಬ ಔಟಾದ, ಆಮೇಲೆ ಇನ್ನೊಬ್ಬ, ಅಷ್ಟೇ. ಓವರು ಮುಗಿದವು. ಮಣ್ಣು ಹತ್ತದ ಪ್ಯಾಡು ಬಿಚ್ಚುವಾಗ ಅದರ ಒಳಗೆ ಕಾಲು ಬೆವೆತು ನೆನೆದಿತ್ತು.

ಭಾನುವಾರ ಕೊನೆಯ ಕೆಲವು ಓವರುಗಳಿದ್ದಾಗ ಒಳಗೆ ಹೋದ. ಇಷ್ಟು ವರ್ಷದ ಕಾಯುವಿಕೆಯೆಲ್ಲ ಆ ಕೈಗಳಲ್ಲಿ ಇತ್ತೋ ಏನೋ, ಚೆಂಡು ಹೇಳಿದ ಕಡೆಗೇ ಹೋಯಿತು. ಒಂದು ಲೇಟ್ ಕಟ್ಟಿಗಂತೂ ಕೀಪರ್ ಗ್ಲವ್ ಮುಚ್ಚಿ, ಹಿಡಿದೆನೆಂದೇ ತಿಳಿದು ಕೂಗಿಯೂ ಬಿಟ್ಟ. ಚೆಂಡು ಅಷ್ಟರಲ್ಲಿ ಬೌಂಡರಿ ದಾಟಿ ಪಾರ್ಕಿಂಗ್ ಲಾಟಿನಲ್ಲಿತ್ತು. ಬೇರೆ ರಾಜ್ಯದಿಂದ ಬಂದಿದ್ದ ಒಬ್ಬ ಆಯ್ಕೆಗಾರ ಎದ್ದು ನಿಂತು, "ಇವನನ್ನು ಯಾಕೆ ಇಷ್ಟು ಕೆಳಗೆ ಆಡಿಸಿದಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ್ದು ಬೇಲಿಯ ಬಳಿಯಿದ್ದವರಿಗೆಲ್ಲ ಕೇಳಿತು. ಚಿದಂಬರ ಅಂಕಲ್ ನಕ್ಕು, "ಅವನು ನಮ್ಮ ಹುಡುಗ" ಎಂದರು. ಆಮೇಲೆ ಯಾರೋ ಹೇಳಿದಾಗ, ಅದು ಉತ್ತರವೆಂದು ಸತ್ಯನೂ ನಂಬಿದ.

ಪಂದ್ಯ ಮುಗಿದ ಮೇಲೆ ಕರಣ್ ಹತ್ತಿರ ಬಂದು ಕೈ ಕುಲುಕಿದ. "ಬ್ರೋ, ಯು ಶುಡ್ ಬಿ ಓಪನಿಂಗ್" ಎಂದ. ಒಳ್ಳೆಯ ಹುಡುಗ, ಅವನಿಗೇನು ಗೊತ್ತು. ಅಂಕಲ್ ಕಾರಿನವರೆಗೆ ಬಂದು ಬೆನ್ನು ತಟ್ಟಿದರು. "ಈ ಸಲ ನಿನ್ನ ಹೆಸರು ಹೇಳ್ದೆ ಇರ್ತೀನಾ? ನಿಶ್ಚಿಂತೆಯಿಂದ ಹೋಗು." ಈ ಸಲ ನೋಡೋಣ ಎನ್ನಲಿಲ್ಲ. ಮಿಷಿಗನ್ ಗಡಿ ದಾಟುವವರೆಗೂ ಸತ್ಯ ಶಿಳ್ಳೆ ಹಾಕಿಕೊಂಡೇ ಡ್ರೈವ್ ಮಾಡಿದ.

ಮರುದಿನ ಸಂಜೆ ಅಪ್ಪನ ಮನೆಗೆ ಹೋದ. ಅಪ್ಪ ಗರಾಜಿನಲ್ಲಿ ಹುಲ್ಲು ಕತ್ತರಿಸುವ ಮೆಷಿನ್ನಿನ ಪಕ್ಕ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. "ಅಯ್ಯೋ, ಅದರಲ್ಲೇನಿದೆಯೋ ಚಿದು. ನಮ್ಮವನೇ ಅಲ್ವಾ, ಏನೂ ಅನ್ಕೊಳ್ಳಲ್ಲ" ಎನ್ನುತ್ತಿದ್ದವರು ಮಗನನ್ನು ಕಂಡು, "ಆಮೇಲೆ ಮಾಡ್ತೀನಿ" ಎಂದು ಇಟ್ಟರು.

"ಯಾರಪ್ಪ, ಅಂಕಲ್ಲಾ? ಏನಂತೆ?"

"ಏನಿಲ್ಲ, ಗಣೇಶನ ಹಬ್ಬದ ವಿಷಯ. ಚೀಫ್ ಗೆಸ್ಟ್ ಅವನೇ ಈ ಸಲ." ಅಪ್ಪ ಬಗ್ಗಿ ಮೆಷಿನ್ನಿನ ಚಕ್ರಕ್ಕೆ ಅಂಟಿದ ಹುಲ್ಲು ಕೀಳತೊಡಗಿದರು.

"ಅಪ್ಪ, ಈ ಸಲ ಬರುತ್ತೆ ಅನ್ಸುತ್ತೆ."

"ಬರುತ್ತೆ ಬಿಡು" ಎಂದರು ಅಪ್ಪ, ತಲೆಯೆತ್ತದೆ. "ದೇವರಿದಾನೆ."

ಪಟ್ಟಿ ಬಂದದ್ದು ಒಂದು ಗುರುವಾರ, ಲ್ಯಾಬಿನಲ್ಲಿ ಕೆಲಸದ ನಡುವೆ, ಫೋನಿಗೆ. ಸತ್ಯ ಮೇಲಿಂದ ಕೆಳಗೆ ಓದಿದ, ಕೆಳಗಿಂದ ಮೇಲಕ್ಕೆ ಓದಿದ. ಕರಣ್ ಇದ್ದ. ಇವನು ಕಾಯ್ದಿರಿಸಿದವರಲ್ಲೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅಂಕಲ್ ಫೋನ್ ಬಂತು. "ತುಂಬಾ ಟಫ್ ಇತ್ತು ಕಣೋ. ನಿನಗೋಸ್ಕರ ಎಷ್ಟು ಫೈಟ್ ಮಾಡ್ದೆ ಅಂತ ನನಗೊಬ್ಬನಿಗೇ ಗೊತ್ತು. ಉಳಿದವರು ಒಪ್ಪಲಿಲ್ಲ. ಏನ್ ಮಾಡೋದು ಹೇಳು?" ದನಿ ಗದ್ಗದವಾಗಿತ್ತು. ಎಷ್ಟೆಂದರೆ, ಸತ್ಯನೇ ಅವರಿಗೆ ಸಮಾಧಾನ ಹೇಳಬೇಕಾಯಿತು. "ಇಟ್ಸ್ ಓಕೆ ಅಂಕಲ್. ನೀವು ಟ್ರೈ ಮಾಡಿದ್ರಲ್ಲ, ಸಾಕು."

ಆ ಸಂಜೆ ಅಪ್ಪ ಹಣೆಬರಹ ಎಂದರು, ಅಮ್ಮ ಕಣ್ಣೊರೆಸಿಕೊಂಡರು, ಶೈಲಾ ಎದ್ದು ಊಟಕ್ಕೆ ತಟ್ಟೆ ಹಾಕಿದಳು. ಸತ್ಯ ಬ್ಯಾಟುಗಳನ್ನೆಲ್ಲ ಬ್ಯಾಗಿಗೆ ತುಂಬಿ ಗರಾಜಿನ ಅಟ್ಟಕ್ಕೆ ಎಸೆದ. ಅವನ ಸಿಟ್ಟೆಲ್ಲ ಸಮಿತಿಯ ಉಳಿದವರ ಮೇಲೆ, ಹೆಸರು ಗೊತ್ತಿಲ್ಲದವರ ಮೇಲೆ. ಅಂಕಲ್ ಫೈಟ್ ಮಾಡಿದ್ದರಲ್ಲ.

ಗಣೇಶನ ಹಬ್ಬದ ಊಟ ನಾರ್ತ್‌ವಿಲ್ ಹತ್ತಿರದ ಒಂದು ಶಾಲೆಯ ಕೆಫೆಟೀರಿಯಾದಲ್ಲಿ. ಉದ್ದನೆಯ ಮೇಜುಗಳಿಗೆ ಬಿಳಿ ಕಾಗದ ಸುತ್ತಿ, ಇಂಡಿಯನ್ ಸ್ಟೋರಿನ ಫ್ರೀಜರಿನಿಂದ ತಂದ ಬಾಳೆಎಲೆ ಹಾಸಿದ್ದರು. ಈ ವರ್ಷ ಬರುವುದಿಲ್ಲ ಎಂದಿದ್ದ ಸತ್ಯ ಅಮ್ಮನ ಮುಖ ನೋಡಿ ಬಂದಿದ್ದ. ಪಂಚೆ ಕಟ್ಟಿ, ಶಾವಿಗೆ ಪಾಯಸದ ಬಕೆಟ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಊಟಕ್ಕೆ ಮೊದಲು ಮುಖ್ಯ ಅತಿಥಿಗಳು ಎರಡು ಮಾತಾಡಬೇಕಿತ್ತು.

ಚಿದಂಬರ ಅಂಕಲ್ ರೇಷ್ಮೆ ಶಲ್ಯ ಸರಿಪಡಿಸಿಕೊಂಡು ಮೈಕ್ ಹಿಡಿದರು. ಆ ತಿಂಗಳಷ್ಟೇ ಅವರಿಗೆ ರಾಷ್ಟ್ರ ಮಟ್ಟದ ಸಮಿತಿಯಲ್ಲಿ ಜಾಗ ಸಿಕ್ಕಿತ್ತು. ಅದಕ್ಕೆ ಚಪ್ಪಾಳೆ ಬಿತ್ತು. ಚಪ್ಪಾಳೆಗೆ ಮನುಷ್ಯ ಉಬ್ಬುತ್ತಾನೆ. ಉಬ್ಬಿದವನಿಗೆ ಯಾರ ಹತ್ತಿರ ಯಾವ ಸುಳ್ಳು ಹೇಳಿದ್ದೆ ಎನ್ನುವುದು ಮರೆಯುತ್ತದೆ.

"ನನಗೆ ಈ ಸ್ಥಾನ ಯಾಕೆ ಸಿಕ್ಕಿತು ಗೊತ್ತಾ? ಚಿದಂಬರ ಪಕ್ಷಪಾತ ಮಾಡಲ್ಲ ಅಂತ" ಎಂದರು ಅಂಕಲ್. "ಒಂದು ಉದಾಹರಣೆ ಹೇಳ್ತೀನಿ. ನಮ್ಮ ಸತ್ಯ, ನಾನು ಎತ್ತಿ ಆಡಿಸಿದ ಹುಡುಗ. ಈ ಸಲ ಕಮಿಟೀಲಿ ಎಲ್ಲರೂ ಅವನ ಹೆಸರು ಹೇಳಿದ್ರು. ನಾನೇ ಬೇಡ ಅಂದೆ. ಅವನು ನಮ್ಮವನು, ಅವನನ್ನ ತಗೊಂಡ್ರೆ ನಾಳೆ ನಾಲ್ಕು ಜನ ಬೆರಳು ತೋರಿಸ್ತಾರೆ, ಬೇರೆಯವರಿಗೆ ಕೊಡಿ ಅಂದೆ."

ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಕಲ್ ಅದನ್ನು ಮೆಚ್ಚುಗೆ ಎಂದುಕೊಂಡರು.

"ಮೀಟಿಂಗಿಗೆ ಮುಂಚೆ ರಾಮೂಗೆ ಫೋನ್ ಮಾಡಿ ಕೇಳಿದೆ. ಅವನು ಬೇಡ ಅಂದಿದ್ರೆ ನಾನು ಮಾಡ್ತಿರಲಿಲ್ಲ. ರಾಮು ಏನಂದ ಗೊತ್ತಾ? ಅದರಲ್ಲೇನಿದೆಯೋ ಚಿದು, ನಮ್ಮವನೇ ಅಲ್ವಾ, ಏನೂ ಅನ್ಕೊಳ್ಳಲ್ಲ, ಅಂದ. ಇದು ಸ್ವಾಮಿ, ನಮ್ಮ ಸಂಸ್ಕೃತಿ."

ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಒಬ್ಬರು ತಟ್ಟಿದರೆ ಎಲ್ಲರೂ ತಟ್ಟಬೇಕಲ್ಲ, ತಟ್ಟಿದರು. ಮೊದಲ ಪಂಕ್ತಿಯಲ್ಲಿ ಕುಳಿತಿದ್ದ ಅಪ್ಪ ಕೈ ಜೋಡಿಸಿಯೂ ಜೋಡಿಸದೆ ಎಲೆಯನ್ನೇ ನೋಡುತ್ತಿದ್ದರು. ಸಾಮಾನ್ಯವಾಗಿ ಅವರೂ ಕೊನೆಯ ಪಂಕ್ತಿಯವರೇ. ಇವತ್ತು ಗೆಳೆಯ ಬಲವಂತ ಮಾಡಿ ತನ್ನ ಪಕ್ಕದ ಎಲೆಗೆ ಕೂರಿಸಿದ್ದ.

ಗರಾಜು, ಹುಲ್ಲಿನ ಮೆಷಿನ್ನು, ತಲೆಯೆತ್ತದೆ ಹೇಳಿದ 'ಬರುತ್ತೆ ಬಿಡು' ಎಲ್ಲ ಸತ್ಯನಿಗೆ ಒಟ್ಟಿಗೆ ನೆನಪಾದವು. ಅಂಕಲ್ ಮೋಸ ಮಾಡಿದರು ಎಂದು ಶೈಲಾ ಹೇಳದಿದ್ದರೂ ಅವನ ಹೊಟ್ಟೆಯೊಳಗೆ ಎಲ್ಲೋ ಗೊತ್ತಿತ್ತು. ಆದರೆ ಅಪ್ಪ? ಕಾಲುಚೀಲದೊಳಗೆ ಚೆಂಡು ತುಂಬಿ ಕಟ್ಟಿದ ಅಪ್ಪ, ಒಂದು ಫೋನ್ ಕರೆಯಲ್ಲಿ, ಗೆಳೆಯನಿಗೆ ಇಲ್ಲ ಎನ್ನಲಾರದ ದಾಕ್ಷಿಣ್ಯಕ್ಕೆ, ಮಗನ ಜಾಗವನ್ನು ಎತ್ತಿ ಕೊಟ್ಟುಬಿಟ್ಟಿದ್ದರು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಎಂದು ಹಳೆಯ ಹೆಂಗಸರು ಸುಮ್ಮನೆ ಹೇಳಲಿಲ್ಲ. ಕೊಟ್ಟದ್ದಷ್ಟೇ ಅಲ್ಲ, ಕೊಟ್ಟ ಮೇಲೆ ದೇವರಿದ್ದಾನೆ ಎಂದಿದ್ದರು. ಸತ್ಯನಿಗೆ ಆ ಮಾತೇ ನುಂಗಲಾಗಲಿಲ್ಲ.

"ಬಡಿಸ್ರಪ್ಪ" ಎಂದು ಯಾರೋ ಕೂಗಿದರು. ಅಂಕಲ್ ಬಂದು ಅಪ್ಪನ ಪಕ್ಕದ ಎಲೆಗೆ ಕುಳಿತರು.

ಉಪ್ಪು ಹೋಯಿತು, ಕೋಸಂಬರಿ ಹೋಯಿತು, ಪಲ್ಯ ಹೋಯಿತು. ಸತ್ಯ ಬಕೆಟ್ ಎತ್ತಿಕೊಂಡು ಮೊದಲ ಪಂಕ್ತಿಯ ತುದಿಯಿಂದ ಶುರುಮಾಡಿದ. ಶೈಲಾ ಗೋಡೆಗೆ ಒರಗಿ ಅವನನ್ನೇ ನೋಡುತ್ತಿದ್ದಳು. ಎಲೆಯೆಲೆಗೂ ಒಂದೊಂದು ಸೌಟು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನ ಹಿಂದೆಯೇ ಅಮ್ಮ ಚಿತ್ರಾನ್ನದ ಪಾತ್ರೆ ಹಿಡಿದು ಬರುತ್ತಿದ್ದರು. ಚಿದಂಬರ ಅಂಕಲ್ ಎಡಪಕ್ಕದ ಎಲೆ ಸಂಘದ ಅಧ್ಯಕ್ಷೆ ರುದ್ರಮ್ಮನವರದು. ಅವರಿಗೆ ಬಡಿಸಿದ.

"ಬಾರೋ ಕೌಂಟಿ" ಎಂದರು ಅಂಕಲ್, ಎಲೆಯನ್ನು ಒಂದಿಷ್ಟು ಮುಂದಕ್ಕೆ ಸರಿಸಿ. "ಪಾಯಸ ನಿನ್ನ ಕೈಯಿಂದಲೇ ಆಗಬೇಕು."

ಸತ್ಯ ಸೌಟನ್ನು ಬಕೆಟ್ಟಿಗೆ ಇಳಿಸಿ, ಒಂದು ಹೆಜ್ಜೆ ಮುಂದೆ ಇಟ್ಟ.

"ಏಯ್, ನನ್ನ ಎಲೆ ಬಿಟ್ಟೆಯಲ್ಲೋ."

"ನೀವು ನಮ್ಮೋರೇ ಅಲ್ವಾ ಅಂಕಲ್" ಎಂದ ಸತ್ಯ. ದನಿ ಏರಿಸಲಿಲ್ಲ. "ಏನೂ ಅನ್ಕೊಳ್ಳಲ್ಲ."

ಅಂಕಲ್ ತಮಾಷೆಯೆಂದು ನಕ್ಕರು. ಆಮೇಲೆ ಅವನ ಮುಖ ನೋಡಿದರು, ನಗು ನಿಂತಿತು. ಅತ್ತಿತ್ತ ಕುಳಿತವರು ತಮ್ಮ ತಮ್ಮ ಎಲೆಯ ಉಪ್ಪು ನೋಡತೊಡಗಿದರು.

"ಸತ್ಯ, ಪಂಕ್ತಿಭೇದ ಮಾಡ್ಬೇಡ್ವೋ" ಎಂದು ಹಿಂದಿನಿಂದ ಅಮ್ಮ ಪಿಸುಗುಟ್ಟಿದರು. ಸತ್ಯ ತಿರುಗಲಿಲ್ಲ.

ಮುಂದಿನ ಎಲೆ ಅಪ್ಪನದು.

ಅವನು ಸೌಟು ತುಂಬಿ ಎತ್ತಿದ. ಬಡಿಸುತ್ತೇನೋ, ಬಿಡುತ್ತೇನೋ ಅವನಿಗೇ ಗೊತ್ತಿರಲಿಲ್ಲ. ಯಾಕಪ್ಪ ಎಂದು ಕೇಳಬೇಕೆನಿಸಿತು. ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ, ನಾನು ಏನಾದರೂ ಅಂದುಕೊಳ್ಳುತ್ತೇನೋ ಇಲ್ಲವೋ ಎಂದು ನನ್ನನ್ನೇ ಕೇಳಬಹುದಿತ್ತಲ್ಲ ಎನ್ನಬೇಕೆನಿಸಿತು. ಸೌಟು ಹಿಡಿದು ಅಪ್ಪನ ಎಲೆಯ ಮೇಲೆ ಬಗ್ಗಿದ.

ಅಪ್ಪ ತಲೆಯೆತ್ತಲಿಲ್ಲ. ನಿಧಾನವಾಗಿ ಬಲಗೈ ಚಾಚಿ, ಪಾಯಸ ಬೀಳಬೇಕಾದ ಜಾಗದಲ್ಲಿ ಎಲೆಯ ಮೇಲೆ ಅಡ್ಡ ಹಿಡಿದರು.

ಬೇರೆ ಯಾರಾದರೂ ಆಗಿದ್ದರೆ ಸತ್ಯ ಬೆರಳ ಸಂದಿಯಲ್ಲೇ ಸುರಿದು ನಗುತ್ತಿದ್ದ. ಅವನು ಕಾದ, ಸೌಟಿನ ಅಂಚಿನಿಂದ ಒಂದು ಹನಿ ಬಿಳಿ ಕಾಗದದ ಮೇಲೆ ಬೀಳುವವರೆಗೂ ಕಾದ. ಆ ಕೈ ಎಲೆಯ ಮೇಲಿಂದ ಸರಿಯಲಿಲ್ಲ. ಸತ್ಯ ಸೌಟಿನಲ್ಲಿದ್ದುದನ್ನು ಅಪ್ಪನ ಆಚೆಗಿನ ಎಲೆಗೆ ಬಡಿಸಿ ಮುಂದೆ ಹೋದ.